ಪಾಲಿನ ಹ್ಯಾಟಿ

ಗೂಡಿನ ಬಾಯೊಳಗೆ ಭುಜದವರೆಗೆ ತೂರಿ, ನೆಲಕ್ಕಂಟಿದ ಹಿಕ್ಕೆಯನ್ನು ಖುರ್ಪಿಯಿಂದ ಕೆರೆದು ಬುಟ್ಟಿಗೆ ತುಂಬುತ್ತಿದ್ದ ಯಾಸ್ಮಿನಳಿಗೆ ಅಂಗಳದಲ್ಲಿ ಯಾರೋ ಬಂದು ನಿಂತದ್ದು ಕಾಣಲಿಲ್ಲ. ಹೊರಗೆ ಉಳಿದಿದ್ದ ಅವಳ ಕಾಲುಗಳನ್ನು ನೋಡಿಯೇ ಬಂದವರು ಮಾತಾಡಿಸಿದರು.

"ಯಾಸ್ಮಿನವ್ವಾ, ಅಕ್ಕಾರು ಅದಾರೇನು?"

ಬಾಳಮ್ಮನ ದನಿ. ಎರಡು ಮನೆ ಆಚೆಯವಳು.

"ಒಳಗ ಅದಾರ್ರಿ. ಕೂಸಿಗೆ ಎಣ್ಣಿ ಹಚ್ಚಾಕತ್ತಾರ," ಎಂದು ಗೂಡಿನೊಳಗಿಂದಲೇ ಹೇಳಿ ಯಾಸ್ಮಿನ ಮತ್ತೆ ಖುರ್ಪಿ ಆಡಿಸಿದಳು. ಮೂಗಿಗೆ ಕಟ್ಟಿದ ಸೆರಗು ಜಾರಿತ್ತು. ಜಗಲಿಕಟ್ಟೆಯ ಕೆಳಗೆ ಹಾಸುಗಲ್ಲು ನಿಲ್ಲಿಸಿ ಮಾವ ಜೈನುದ್ದೀನ ಕಟ್ಟಿದ ಗೂಡು ಅದು. ಅವನು ತೀರಿಕೊಂಡು ವರ್ಷಗಳಾದವು. ದರ್ಜಿ ಕೆಲಸದವನು ಕೋಳಿಯ ಅಳತೆಗೆ ಗೂಡು ಕಟ್ಟಿದ್ದನೇ ಹೊರತು ಅದನ್ನು ಬಳಿಯುವ ಹೆಂಗಸಿನ ಅಳತೆಗೆ ಕಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಅದರಿಂದ ಹೊರಬರುವಾಗ ಯಾಸ್ಮಿನಳ ಸೊಂಟ ಒಂದು ಕ್ಷಣ ಅಲ್ಲಿಯೇ ಉಳಿದುಬಿಡುತ್ತಿತ್ತು.

ಅತ್ತೆ ಹಜರಾಬಿ ಎಣ್ಣೆಗೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಬಾಳಮ್ಮ ಸೆರಗಿನ ಒಳಗಿಂದ ಹಳೆಯ ಪೇಪರಿನ ಪೊಟ್ಟಣ ತೆಗೆದು ಕಟ್ಟೆಯ ಮೇಲಿಟ್ಟಳು. ಬಿಚ್ಚಿದರೆ ಒಂದು ಜೊತೆ ಕೋಳಿಯ ಕಾಲು. ಒಂದಕ್ಕೆ ಕೆಂಪು ಚಿಂದಿ ಕಟ್ಟಿತ್ತು.

ಹಜರಾಬಿ ಕಾಲುಗಳನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. "ಹೂಂ, ನಮ್ದ. ಹಿಂದಿನ ಬೆರಳು ಮೊಂಡ ಐತಿ. ಏನಾಗಿತ್ತ ಇದಕ್ಕ?"

"ಎರಡ ದಿನ ಒಂದ ಕಡೆ ನಿಂತ ತೂಕಡಿಸ್ತಿತ್ತು. ಮುಂಜಾನೆದ್ದು ನೋಡ್ತೇನಿ, ಕುತ್ತಿಗಿ ತಿರುವಿಕೊಂಡು ಬಿದ್ದೈತಿ."

"ಹೋಗ್ಲಿ ಬಿಡು. ಅದರ ರಿಜಕ್ ಅಷ್ಟ ಇತ್ತು, ಅನ್ನದ ಋಣ ತೀರ್ತು," ಎಂದು ಹಜರಾಬಿ ಕಾಲುಗಳನ್ನು ಮೋಟುಗೋಡೆಯ ಆಚೆ ತಿಪ್ಪೆಯತ್ತ ಎಸೆದಳು. ಅಂಗಳದ ಕೋಳಿಗಳೆಲ್ಲ ಕೆಂಪು ಚಿಂದಿಯ ಆಸೆಗೆ ಗೋಡೆ ಹಾರಿ ಓಡಿದವು. "ಯಾಸ್ಮಿನ, ಬಾಳವ್ವಗ ಚಾ ಇಡು."

ಹಜರಾಬಿಯ ಕೋಳಿಗಳು ಓಣಿಯ ಐದಾರು ಮನೆಗಳಲ್ಲಿ ಪಾಲಿಗಿದ್ದವು. ತತ್ತಿಯಿಡುವ ಹ್ಯಾಟೆ ಅವಳದು, ಸಾಕುವ ಮನೆ ಬೇರೆಯವರದು, ಮರಿಗಳು ಇಬ್ಬರಿಗೂ ಸಮ. ಗುರುತಿಗೆ ಪ್ರತಿ ಪಾಲಿನ ಹ್ಯಾಟೆಯ ಕಾಲಿಗೂ ಜೈನುದ್ದೀನ ಬಿಟ್ಟುಹೋದ ಚಿಂದಿಗಂಟಿನಿಂದ ಒಂದೊಂದು ಪಟ್ಟಿ. ಹ್ಯಾಟೆ ಸತ್ತರೆ ಸಾಕಿದವರು ಚಿಂದಿ ಸಮೇತ ಕಾಲು ತಂದು ತೋರಿಸಬೇಕು. ತೋರಿಸಿದರೆ ಸತ್ತದ್ದು ನಿಜ. ಇಲ್ಲದಿದ್ದರೆ ಕೊಯ್ದು ತಿಂದರು, ಇಲ್ಲವೇ ಸಂತೆಗೆ ಕೊಟ್ಟರು ಎಂದೇ ಅರ್ಥ. ಹೊರ್ತಿ ಊರಿನ ಆ ಓಣಿಯಲ್ಲಿ ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮುರಿದೂ ಇರಲಿಲ್ಲ. "ಕಾಲ ತಂದಾಕಿಗಿ ಚಾ, ತರದಾಕಿಗಿ ಮಾತು," ಎಂದು ಹಜರಾಬಿ ನಗುತ್ತಲೇ ಹೇಳುತ್ತಿದ್ದಳು.

ಒಲೆಯ ಮುಂದೆ ಕೂತು ಚಹಾದ ಕುದಿ ನೋಡುತ್ತಿದ್ದ ಯಾಸ್ಮಿನಳಿಗೆ, ಬಾಳಮ್ಮ ಹೇಳಿದ ತಿರುಚಿದ ಕುತ್ತಿಗೆಯ ಮಾತು ಎಲ್ಲೋ ಕೇಳಿದಂತೆನಿಸಿತು. ಅದು ಹರಡುವ ಜಡ್ಡಿನ ಗುರುತು ಎಂದು ಭಾಗ್ಯಜ್ಯೋತಿ ಹೇಳಿದ್ದಳು. ಹೆಣ್ಣುಮಕ್ಕಳ ಸಂಘದಿಂದ ಪಶುಸಖಿ ಎಂದು ಆರಿಸಿದ ಹುಡುಗಿ. ಚಳಿಗಾಲದಲ್ಲಿ ಅವಳು ಐಸು ತುಂಬಿದ ಥರ್ಮಾಸಿನಲ್ಲಿ ಲಸಿಕೆ ಹಿಡಿದು ಬಂದಿದ್ದಳು. ನಸುಕಿನಲ್ಲಿ ಯಾರೂ ಕೋಳಿ ಬಿಡಬೇಡಿ, ಸೀಸೆ ಒಡೆದ ಮೇಲೆ ಔಷಧ ಬಹಳ ಹೊತ್ತು ತಾಳುವುದಿಲ್ಲ, ಒಂದು ಸೀಸೆಗೆ ನೂರು ಕೋಳಿ ಬೇಕು, ಎಲ್ಲರೂ ಒಮ್ಮೆಲೇ ಹಿಡಿದುಕೊಡಬೇಕು ಎಂದು ಮೊದಲೇ ಮನೆಮನೆಗೆ ಹೇಳಿ ಹೋಗಿದ್ದಳು. ಆ ದಿನ ಹಜರಾಬಿ ಎಂದಿಗಿಂತ ಮೊದಲೇ ಎದ್ದು ಗೂಡಿನ ಕಲ್ಲು ಸರಿಸಿದ್ದಳು. ಸೂಜಿ ಚುಚ್ಚಿಸಿಕೊಂಡ ಕೋಳಿ ತತ್ತಿ ಇಡುವುದನ್ನೇ ಬಿಡುತ್ತದೆ ಎಂಬುದು ಅವಳ ಮಾತು. ಅವಳು ಬಿಟ್ಟದ್ದು ನೋಡಿ ಪಾಲಿನ ಮನೆಯವರೂ ಬಿಟ್ಟರು. ಭಾಗ್ಯಜ್ಯೋತಿ ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕೂತು, ಸೀಸೆ ಒಡೆಯದೆ ಹೋಗಿದ್ದಳು.

ಅದನ್ನು ಈಗ ಅತ್ತೆಗೆ ನೆನಪಿಸಬೇಕೆ ಎಂದು ಯಾಸ್ಮಿನ ಯೋಚಿಸುವಷ್ಟರಲ್ಲಿ ಚಹಾ ಉಕ್ಕಿತು. ಒಳಗೆ ಕೂಸು ಅಳತೊಡಗಿತು. ರೊಟ್ಟಿಗೆ ಹಿಟ್ಟು ಇನ್ನೂ ನಾದಿರಲಿಲ್ಲ.

ಕೂಸು ನಾದಿನಿ ಹುಮಾಳದು. ಬಸವನ ಬಾಗೇವಾಡಿಗೆ ಕೊಟ್ಟ ಹುಡುಗಿ, ಮದುವೆಯಾಗಿ ಎಷ್ಟೋ ವರ್ಷಕ್ಕೆ ಬಸಿರಾಗಿ ತವರಿಗೆ ಬಂದಿದ್ದಳು. ಹುಮಾಳ ಬಾಣಂತನಕ್ಕೆಂದೇ ಹಜರಾಬಿ ಆ ವರ್ಷ ಒಂದು ಕೋಳಿಯನ್ನೂ ಮಾರಿರಲಿಲ್ಲ. ಕಾಳಿನ ಕೋಣೆಯಲ್ಲಿ ಬಾಣಂತಿಯ ಹೊರಸು. ಅದರ ಕಾಲದೆಸೆಯ ಮೂಲೆಯಲ್ಲಿ, ಹೊಟ್ಟು ಹಾಸಿದ ಬುಟ್ಟಿಯಲ್ಲಿ, ಬೋಳುಕುತ್ತಿಗೆಯ ಒಂದು ಹ್ಯಾಟೆ ಕಾವಿಗೆ ಕೂತಿತ್ತು.

"ಒಂದ ಕೋಣ್ಯಾಗ ಇಬ್ಬರು ಬಾಣಂತೇರು," ಎಂದು ಹುಮಾ ನಗುತ್ತಿದ್ದಳು. "ಭಾಬಿ, ಇದನ್ನರ ಹೊರಗ ಹಾಕ್ರಿ. ರಾತ್ರೆಲ್ಲಾ ನನ್ನ ಕಡೆನ ನೋಡ್ತೈತಿ."

"ಅದು ತನ್ನ ತತ್ತಿ ನೋಡ್ತೈತಿ. ನಿನ್ನ ನೋಡಿ ಏನ ಮಾಡ್ತೈತಿ?" ಎಂದು ಯಾಸ್ಮಿನ ಬುಟ್ಟಿಯನ್ನು ಅಲ್ಲಿಯೇ ಬಿಟ್ಟಿದ್ದಳು.

ಆ ವಾರ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಅಂಗಳದ ಹುಂಜ ಕೂಗಲಿಲ್ಲ. ಗೋಡೆಯ ನೆರಳಿನಲ್ಲಿ ರೆಕ್ಕೆ ಇಳಿಬಿಟ್ಟು ನಿಂತಿತ್ತು. ಹಜರಾಬಿಯ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಆ ಕಣ್ಣು ಓಣಿಗೆಲ್ಲ ಹೆಸರಾಗಿತ್ತು. ಯಾವ ಕೋಳಿ ತೂಕಡಿಸಿದರೂ, ತಾನಾಗಿ ಸಾಯುವ ಮೊದಲೇ ಅವಳು ಹಲಾಲ ಮಾಡಿಸಿಬಿಡುತ್ತಿದ್ದಳು. ಸತ್ತದ್ದು ಹರಾಮ, ಕೊಯ್ದದ್ದು ಊಟ. "ನಮ್ಮ ಮನ್ಯಾಗ ಕೋಳಿ ಸತ್ತಿದ್ದ ನಂಗ ಗೊತ್ತಿಲ್ಲ," ಎನ್ನುವುದು ಅವಳ ಹೆಮ್ಮೆ. ಹಾಗಾಗಿ ಆ ಮನೆಯಲ್ಲಿ ಕೋಳಿಗೆ ಜಡ್ಡು ಬಂದದ್ದೂ ಯಾರಿಗೂ ಗೊತ್ತಿರಲಿಲ್ಲ.

ಯಾಸ್ಮಿನಳ ಗಂಡ ದಿಲಾವರ ಲಿಂಬೆಹಣ್ಣಿನ ಟೆಂಪೊ ತೆಗೆದುಕೊಂಡು ವಿಜಯಪುರಕ್ಕೆ ಹೊರಟವನು ನಿಂತು, ತಾಯಿ ಹೇಳಿದಂತೆ ಚೂರಿ ಹಾಕಿ ಹೋದ. ಕಿತ್ತ ಪುಚ್ಚ, ಕರುಳು ತಿಪ್ಪೆಗೆ ಹೋದವು. ಮಧ್ಯಾಹ್ನ ಮೆಣಸು ಜಜ್ಜಿ ಹಾಕಿದ ಸಾರು ಹುಮಾಳ ತಾಟಿಗೆ ಬಂತು.

"ಜಡ್ಡಾದದ್ದನ್ನ ಬಾಣಂತಿಗೆ ಹಾಕೂದು ಬ್ಯಾಡಿತ್ರಿ ಅತ್ತಿ," ಎಂದಳು ಯಾಸ್ಮಿನ, ರೊಟ್ಟಿ ತಿರುವುತ್ತ.

"ಕುದಿಸಿದ ಮ್ಯಾಲ ಎಂಥಾ ಜಡ್ಡು? ನಾ ನಿನ್ನ ಗಂಡನ್ನ ಹಡದಾಗ ಏನ ತಿಂದೆ ಅಂತಿ?" ಹಜರಾಬಿ ತುಸು ಬಿಟ್ಟು, "ಹುಂಜ ಕೊಯ್ದದ್ದಕ್ಕ ಹೊಟ್ಟಿ ಉರೀತೇನು? ಹುಮಾ ಏನ ದಿನಾ ಇಲ್ಲೇ ಇರ್ತಾಳಾ?" ಎಂದಳು.

ಯಾಸ್ಮಿನಳ ಕೈಯ ರೊಟ್ಟಿ ಹಂಚಿನ ಮೇಲೆ ಕರಿಯಾಯಿತು. ಹುಮಾ ತಾಟು ನೋಡುತ್ತ ಕೂತಳು, ನಂತರ ತಿಂದಳು. ಹಸಿವಾಗಿತ್ತು ಅವಳಿಗೆ.

ಮರುದಿನ ಎರಡು ಹ್ಯಾಟೆ ತೂಕಡಿಸಿದವು. ಅದರ ಮರುದಿನ ಹಜರಾಬಿಯ ಕಣ್ಣಿಗೆ ಬೀಳುವ ಮೊದಲೇ ಜಡ್ಡು ತನ್ನ ಕೆಲಸ ಮುಗಿಸಿತ್ತು. ಬೆಳಿಗ್ಗೆ ಕಲ್ಲು ಸರಿಸಿದ ಯಾಸ್ಮಿನಳ ಕೈಗೆ ತಣ್ಣಗಿನ ಮೈಗಳು ತಾಗಿದವು. ಉಳಿದವು ಹಸಿರು ನೀರಿನಂತೆ ಹೇತು, ಬಾಯಿ ತೆರೆದು ಉಸಿರಾಡುತ್ತಿದ್ದವು. ಒಂದು ಬಿಳಿಯ ಎಳೆ ಹ್ಯಾಟೆ ಕುತ್ತಿಗೆಯನ್ನು ಬೆನ್ನ ಮೇಲೆ ತಿರುಗಿಸಿಕೊಂಡು, ಆಕಾಶ ನೋಡುತ್ತ ಸುತ್ತು ಹಾಕುತ್ತಿತ್ತು. ಹಜರಾಬಿ ಕಟ್ಟೆಯ ಮೇಲೆ ಕೂತು ಅದನ್ನೇ ನೋಡಿದಳು. ಚೂರಿ ತರಲು ಹೇಳಲಿಲ್ಲ.

ಯಾಸ್ಮಿನ ಭಾಗ್ಯಜ್ಯೋತಿಗೆ ಫೋನು ಹಚ್ಚಿದಳು. ಅವಳು ಬಂದು ಅಂಗಳದ ಹೊರಗೇ ನಿಂತಳು. ಒಳಗೆ ಬಂದರೆ ಜಡ್ಡು ತನ್ನ ಚಪ್ಪಲಿಯ ಜೊತೆಗೇ ಮುಂದಿನ ಮನೆಗೂ ಹೋಗುತ್ತದೆ ಎಂದಳು. ಕೊಕ್ಕರೆ ರೋಗ. ಹತ್ತಿದ ಮೇಲೆ ಇದಕ್ಕೆ ಔಷಧವಿಲ್ಲ, ಬರುವ ಮೊದಲೇ ತಡೆಯಬೇಕು. ಈಗ ಲಸಿಕೆ ಹಾಕಿದರೂ ಇವು ಉಳಿಯುವುದಿಲ್ಲ. ಸತ್ತವನ್ನು ಆಳಕ್ಕೆ ಹುಗಿದು ಮೇಲೆ ಸುಣ್ಣ ಹಾಕಬೇಕು, ತಿಪ್ಪೆಗೆ ಎಸೆಯಬಾರದು, ಮನೆಯಿಂದ ಮನೆಗೆ ಒಯ್ಯಬಾರದು. ಗೂಡು ಬಳಿದು ಸುಣ್ಣ ಹಚ್ಚಿ ಕೆಲವು ವಾರ ಖಾಲಿ ಬಿಡಬೇಕು.

"ಬ್ಯಾರೆ ಮನಿಯಿಂದ ಏನರ ತಂದಿದ್ರ್ಯಾ ಅಕ್ಕಾ? ಸಂತಿ ಕೋಳಿ?" ಎಂದು ಕೇಳಿದಳು.

ಯಾಸ್ಮಿನ ಅತ್ತೆಯತ್ತ ನೋಡಿದಳು. ಕೆಂಪು ಚಿಂದಿಯ ಹಿಂದೆ ಗೋಡೆ ಹಾರಿ ಓಡಿದ ಕೋಳಿಗಳು ಕಣ್ಣ ಮುಂದೆ ಬಂದವು. "ಇಲ್ಲವ್ವಾ," ಎಂದಳು.

ಆ ದಿನವೆಲ್ಲ ಅವಳು ಹಿತ್ತಿಲಲ್ಲಿ ಗುಂಡಿ ತೋಡಿದಳು. ಬೇಸಿಗೆ ಶುರುವಾಗಿ ಎರೆಮಣ್ಣು ಕಲ್ಲಾಗಿತ್ತು. ಪ್ರತಿ ಸಲ ಒಳಗೆ ಹೋಗುವ ಮುಂಚೆ ಕೈಕಾಲು ಸಾಬೂನು ಹಚ್ಚಿ ತೊಳೆದು, ಸೀರೆ ಬದಲಿಸಿ, ಆಮೇಲೆಯೇ ಕಾಳಿನ ಕೋಣೆಯ ಬುಟ್ಟಿಗೆ ನೀರು, ಜೋಳ ಇಟ್ಟಳು. ಬೋಳುಕುತ್ತಿಗೆ ಗುರ್ರೆಂದು ಪುಚ್ಚ ಉಬ್ಬಿಸಿತು. ಆ ಸಿಟ್ಟು ನೋಡಿ ಯಾಸ್ಮಿನಳಿಗೆ ಸಮಾಧಾನವಾಯಿತು. ಜಡ್ಡಿನ ಕೋಳಿಗೆ ಸಿಟ್ಟು ಇರುವುದಿಲ್ಲ.

ಸಂಜೆ ನಳದ ಹತ್ತಿರ ಬಾಳಮ್ಮ ಸಿಕ್ಕಳು. ಅವಳಲ್ಲಿ ಪಾಲಿನ ಇನ್ನೊಂದು ಹ್ಯಾಟೆ ಇತ್ತು, ಹಳದಿ ಚಿಂದಿಯದು. ಅದೂ ಮೇವು ಬಿಟ್ಟಿದೆ ಎಂದಳು. ಯಾಸ್ಮಿನ ಭಾಗ್ಯಜ್ಯೋತಿಯ ಮಾತನ್ನು ಒಂದೊಂದಾಗಿ ಹೇಳಿದಳು.

"ಕಾಲು?" ಎಂದಳು ಬಾಳಮ್ಮ.

"ಕಾಲು ತರಬ್ಯಾಡ್ರಿ. ಇಡೀ ಕೋಳಿನ ಹುಗದಬಿಡ್ರಿ."

"ನಿಮ್ಮ ಅತ್ತಿಗೇನ ಹೇಳಲಿ?"

"ನಾ ಹೇಳ್ತೇನಿ."

ಬಾಳಮ್ಮ ಕೊಡ ಸೊಂಟಕ್ಕೇರಿಸಿ, ಅನುಮಾನದಿಂದಲೇ ತಲೆ ಆಡಿಸಿ ಹೋದಳು.

ಯಾಸ್ಮಿನ ಆ ರಾತ್ರಿ ಹೇಳಲಿಲ್ಲ. ಹಜರಾಬಿ ಉಣ್ಣದೆ ಮಲಗಿದ್ದಳು. ಮರುದಿನ ಕೂಸಿಗೆ ಹೊಟ್ಟೆ ಉಬ್ಬರಿಸಿ ಮನೆ ತಲೆಕೆಳಗಾಯಿತು. ಅದರ ಮರುದಿನ ದಿಲಾವರನ ಟೆಂಪೊ ಕೆಟ್ಟು ಅವನು ಮನೆಯಲ್ಲಿಯೇ ಉಳಿದ, ಅವನಿಗೆ ಹೊತ್ತು ಹೊತ್ತಿಗೆ ಚಹಾ. ಹೇಳಬೇಕಾದ ಮಾತು ಒಲೆಯ ಹಿಂದೆ ಸೇರಿದ ಚಮಚದ ಹಾಗೆ ಅಲ್ಲಿಯೇ ಉಳಿಯಿತು. ಇದೆ ಎಂದು ಗೊತ್ತು, ಬಗ್ಗಿ ತೆಗೆಯಲು ಸೊಂಟ ಬರಲಿಲ್ಲ.

ಐತವಾರ ಬಾಳಮ್ಮನ ಮನೆಗೆ ಬೀಗರು ಬಂದಿದ್ದರು. ಹುರಿದ ಕೊಬ್ಬರಿ, ಲವಂಗದ ವಾಸನೆ ಗಾಳಿಯಲ್ಲಿ ತೇಲಿ ಬಂದು ಕಾಳಿನ ಕೋಣೆಗೂ ತಾಗಿತು. "ಯಾರ ಮನ್ಯಾಗೋ ಕೋಳಿ ಬೇಯಾಕತ್ತೈತಿ," ಎಂದು ಹುಮಾ ಆಸೆಯಿಂದ ಮೂಗೇರಿಸಿದಳು. ಹಜರಾಬಿ ಬಾಗಿಲಿಗೆ ಹೋಗಿ ಬಾಳಮ್ಮನ ಮನೆಯತ್ತ ನೋಡಿದಳು.

ಎರಡು ದಿನ ಬಿಟ್ಟು ಬಾಳಮ್ಮ ಬರಿಗೈಯಲ್ಲಿ ಬಂದಳು. ಹಜರಾಬಿ ಕಟ್ಟೆಯ ಮೇಲೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು.

"ಅಕ್ಕಾ, ಹಳದಿ ಚಿಂದಿದೂ ಹೋತು."

"ಕಾಲು?"

"ಹುಗದೆ. ಹಿತ್ತಲದಾಗ, ಜಾಲಿ ಗಿಡದ ಬುಡಕ. ನಾಯಿ ಕೆದರಬಾರದಂತ ಮ್ಯಾಲ ಕಲ್ಲಿಟ್ಟೇನಿ."

ಹಜರಾಬಿಯ ಬೆರಳು ಅಕ್ಕಿಯಲ್ಲಿ ನಿಂತಿತು. "ಇಷ್ಟ ವರ್ಷ ಕಾಲ ತರಾಕಿ, ಈ ಸರ್ತಿ ಹುಗದಿ."

"ಹೂಂ."

"ಐತವಾರ ಬೀಗರು ಬಂದಿದ್ರಲ್ಲ. ಛಲೋ ಊಟ ಹಾಕಿದ್ಯಂತ ಕಾಣಸ್ತೈತಿ. ಓಣಿ ತುಂಬ ವಾಸನಿ."

ಬಾಳಮ್ಮನಿಗೆ ಮಾತು ಮುಟ್ಟಲು ತುಸು ಹೊತ್ತು ಹಿಡಿಯಿತು. ಅವಳ ಮುಖ ಕಪ್ಪಿಟ್ಟಿತು. "ಅದು ಅಂಗಡಿ ಕೋಳಿ, ಅಕ್ಕಾ. ಮಗ ತಂದಿದ್ದ."

"ನೀ ಅಂದ್ರ ಆತು. ನಾ ಏನ ಅಂದೇನಿ?"

ಯಾಸ್ಮಿನ ಒಳಗಿಂದ ಹೊರಗೆ ಬಂದಳು. ಕೈಯಲ್ಲಿ ಸುಣ್ಣದ ಕುಂಚ ಇತ್ತು. "ಅತ್ತಿ, ಹುಗೀರಿ ಅಂತ ನಾನ ಹೇಳಿದ್ದೆ. ಕಾಲ ತರಬ್ಯಾಡ್ರಿ ಅಂತನೂ ನಾನ ಹೇಳಿದ್ದೆ. ನಿಮಗ ಹೇಳೂದು ಉಳೀತು."

ಹಜರಾಬಿ ಸೊಸೆಯತ್ತ ತಿರುಗಲಿಲ್ಲ. ಮೊರವನ್ನು ಒಮ್ಮೆ ಕೊಡವಿ, "ಹುಗಿಯೂದನ್ನ ನೀ ನೋಡಿದ್ಯಾ?" ಎಂದಳು.

ಯಾಸ್ಮಿನ ಬಾಯಿ ತೆರೆದಳು. ನೋಡಿರಲಿಲ್ಲ. ಐತವಾರದ ವಾಸನೆ ಅವಳ ಮೂಗಿಗೂ ಬಡಿದಿತ್ತು. ಆ ಒಂದು ಗಳಿಗೆ ಸುಮ್ಮನಿದ್ದದ್ದು ಸಾಕಾಯಿತು. ಬಾಳಮ್ಮ ಅವಳ ಮುಖವನ್ನೇ ನೋಡುತ್ತಿದ್ದವಳು ಕಣ್ಣು ಕೆಳಗೆ ಹಾಕಿದಳು.

"ಹುಮಾನ್ನ ನಿನ್ನ ಹೊಟ್ಟಿಯಿಂದ ಈ ಕೈಲೆ ತಗದೇನಿ, ಅಕ್ಕಾ," ಎಂದಳು ಮೆಲ್ಲಗೆ. "ಅವಾಗ ನಂಬಿದ್ದಿ." ಚಹಾ ಕುಡಿಯದೆ ಹೋದಳು.

ರಾತ್ರಿ ಊಟಕ್ಕೆ ಕೂತಾಗ ಮಾತು ಮತ್ತೆ ಬಂತು. ಯಾಸ್ಮಿನ ಅಷ್ಟು ದಿನ ನುಂಗಿದ್ದನ್ನು ಹೇಳಿಬಿಟ್ಟಳು. ಜಡ್ಡು ಬಂದದ್ದೇ ಮೊದಲು ತಂದ ಆ ಕೆಂಪು ಚಿಂದಿಯ ಕಾಲಿನ ಜೊತೆ, ತಿಪ್ಪೆಗೆ ಎಸೆದಾಗ ಕೋಳಿಗಳೆಲ್ಲ ಅದನ್ನು ಕುಕ್ಕಿದವು, ಕೊಯ್ದ ಹುಂಜದ ಕರುಳೂ ಅಲ್ಲಿಯೇ ಬಿತ್ತು ಎಂದಳು.

"ಅಂದ್ರ ನೀಯತ್ತಿಲೆ ತಂದ ತೋರಿಸಿದ್ದ ತಪ್ಪಾತು?" ಹಜರಾಬಿಯ ದನಿ ಏರಲಿಲ್ಲ, ಅದೇ ಕೆಟ್ಟದ್ದು. "ತರದ ಇದ್ದದ್ದು ಛಲೋ ಆತು? ಯಾವ ಸಾಲ್ಯಾಗ ಕಲತಿ ಇದನ್ನ?"

"ನೀಯತ್ತಿಗೆ ಜಡ್ಡು ತಿಳಿಯೂದಿಲ್ರಿ ಅತ್ತಿ."

"ಕಾಲು ಬ್ಯಾಡ ಅಂದ್ರ ನಾಳೆ ಎಲ್ಲಾರೂ ಹುಗದೇನಿ ಅಂತಾರ. ಆಮ್ಯಾಲ ಪಾಲು ಎಲ್ಲಿದು? ನಿಮ್ಮ ಮಾವ ಹೋದ ಮ್ಯಾಲ ಈ ಓಣ್ಯಾಗ ನನ್ನ ಮಾತು ಯಾಕ ನಡೀತೈತಿ? ಇದರಿಂದ ನಡೀತೈತಿ."

ದಿಲಾವರ ತಾಟು ಸರಿಸಿದ. "ಕೋಳಿ ಸಲುವಾಗಿ ಮನ್ಯಾಗ ಪಂಚಾಯತಿ ಬ್ಯಾಡ. ಅಂಗಡ್ಯಾಗ ಬೇಕಾದಷ್ಟು ಸಿಗ್ತಾವ." ಇಬ್ಬರು ಹೆಂಗಸರೂ ಒಮ್ಮೆಲೇ ಅವನತ್ತ ನೋಡಿದರು. ಅವನು ಕೈತೊಳೆಯಲು ಎದ್ದ.

ಅಂಗಡಿಯ ಕೋಳಿ ಬಂತು. ಹುಮಾ ಒಂದು ತುಣುಕನ್ನು ಬಹಳ ಹೊತ್ತು ಅಗಿದು, "ಚಪ್ಪಲಿಗೆ ಉಪ್ಪು ಖಾರ ಹಾಕಿದಂಗ ಐತಿ," ಎಂದಳು. ಗೂಡು ಖಾಲಿ. ಬೆಳಿಗ್ಗೆ ಹುಂಜದ ಕೂಗಿಲ್ಲದೆ ಹಜರಾಬಿಗೆ ನಮಾಜಿನ ಹೊತ್ತು ತಪ್ಪುತ್ತಿತ್ತು. ಎದ್ದು ಕಟ್ಟೆಗೆ ಬಂದು ಸುಮ್ಮನೆ ಕೂರುವಳು. ದಿನಾ ಮಧ್ಯಾಹ್ನ ಎಲೆಯಡಿಕೆಗೆ ಬರುತ್ತಿದ್ದ ಬಾಳಮ್ಮ ಬರಲಿಲ್ಲ. ಎರಡು ಮನೆಗಳ ನಡುವೆ ಮೊಸರಿನ ಹೆಪ್ಪು, ಬೇವಿನ ಎಸಳು, ಒಲೆಗೆ ಕೆಂಡ ಎಂದು ಓಡಾಡುತ್ತಿದ್ದದ್ದೆಲ್ಲ ನಿಂತಿತು. ಹಜರಾಬಿ ಎಲೆಗೆ ಸುಣ್ಣ ಹಚ್ಚಿ, ಒಬ್ಬಳೇ ಮಡಚಿ, ಬಾಯಿಗೆ ಹಾಕದೆ ತಾಟಿನಲ್ಲಿಯೇ ಇಡುತ್ತಿದ್ದಳು.

ಯಾಸ್ಮಿನ ಗೂಡಿನ ಹಳೆಯ ಹೊಟ್ಟನ್ನು ಸುಟ್ಟಳು, ನೆಲ ಕೆರೆದಳು, ಸುಣ್ಣ ಬಳಿದಳು, ಒಣಗಿದ ಮೇಲೆ ಇನ್ನೊಮ್ಮೆ ಬಳಿದಳು. ತಿಪ್ಪೆಯ ಮೇಲಿನ ಪುಚ್ಚವನ್ನೆಲ್ಲ ಬಳಿದು ಹುಗಿದಳು. ಇದರಲ್ಲಿ ಯಾವುದೂ ಯಾರ ಕಣ್ಣಿಗೂ ಕೆಲಸವಾಗಿ ಕಾಣಲಿಲ್ಲ. ಕೋಳಿ ಇಲ್ಲದ ಮನೆಯಲ್ಲಿ ಕೋಳಿಯ ಕೆಲಸ ಏನು ಎಂದು ದಿಲಾವರ ಕೇಳಿದ. ಅವಳು ಕುಂಚವನ್ನು ಸುಣ್ಣದಲ್ಲಿ ಅದ್ದಿದಳು. ಉತ್ತರಿಸುವುದೂ ಒಂದು ಕೆಲಸ.

ಒಂದು ನಸುಕಿನಲ್ಲಿ ಹುಮಾ ಕೂಗಿ ಕರೆದಳು. ಬೋಳುಕುತ್ತಿಗೆಯ ರೆಕ್ಕೆಯ ಅಡಿಯಿಂದ ಸಣ್ಣ ತಲೆಯೊಂದು ಹೊರಗೆ ಇಣುಕಿತ್ತು. ಬಿಸಿಲೇರುವಷ್ಟರಲ್ಲಿ ಬುಟ್ಟಿಯ ತುಂಬ ಚಿಂವ್ ಚಿಂವ್. ಹಜರಾಬಿ ಬಾಗಿಲಿಗೆ ಒರಗಿ ನೋಡಿದಳು. ಪಾಲಿಗೆ ಕೊಟ್ಟವೂ ಸತ್ತು, ಅವಳ ಕೋಳಿಗಳಲ್ಲಿ ಉಳಿದದ್ದು ಇದೊಂದೇ, ಇವಷ್ಟೇ.

"ಹೊರಗ ಹಾಕ್ರಿ ಅಂದಿದ್ದೆ ನಾನು," ಎಂದಳು ಹುಮಾ.

"ಅಂದಿದ್ದಿ," ಎಂದಳು ಯಾಸ್ಮಿನ.

ಭಾಗ್ಯಜ್ಯೋತಿಗೆ ಫೋನು ಹೋಯಿತು. ಮರಿ ಹುಟ್ಟಿದ ವಾರಕ್ಕೆ ಕಣ್ಣಿಗೆ ಒಂದೊಂದು ಹನಿ, ದೊಡ್ಡವಾದ ಮೇಲೆ ರೆಕ್ಕೆಯ ಅಡಿಗೆ ಸೂಜಿ. ಆದರೆ ಇಷ್ಟೇ ಮರಿಗೆ ಸೀಸೆ ಒಡೆಯಲು ಬರುವುದಿಲ್ಲ, ಸುತ್ತಲಿನ ಓಣಿಗಳಲ್ಲಿ ಉಳಿದ ಕೋಳಿ, ಮರಿ ಎಲ್ಲವನ್ನೂ ಒಂದೇ ಬೆಳಿಗ್ಗೆ ಕೂಡಿಸಬೇಕು, ಅದನ್ನು ನೀವೇ ಮಾಡಬೇಕು ಅಕ್ಕಾ ಎಂದಳು. ಯಾಸ್ಮಿನ ಸಂಜೆಯ ಕೆಲಸ ಮುಗಿಸಿ ಮನೆಮನೆಗೆ ಹೋದಳು. ಕೆಲವರು ನಿಮ್ಮ ಅತ್ತೆ ಏನು ಅಂತಾರೆ ಎಂದು ಕೇಳಿದರು. ರೇವಪ್ಪನ ಹೆಂಡತಿ, ಹೋದ ಸಲ ನೀವೇ ಬಿಟ್ಟಿರಲ್ಲ ಎಂದು ಚುಚ್ಚಿದಳು. ಯಾಸ್ಮಿನ ಹೌದು ಎಂದಳು. ಹೌದು ಎಂದ ಮೇಲೆ ಚುಚ್ಚಲು ಏನೂ ಉಳಿಯಲಿಲ್ಲ.

ಕೊನೆಗೆ ಬಾಳಮ್ಮನ ಬಾಗಿಲು. ಅವಳು ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು.

"ನನ್ನ ಮನ್ಯಾಗೇನೈತಿ ಹಿಡದ ಕೊಡಾಕ?" ಎಂದಳು, ತಲೆ ಎತ್ತದೆ.

"ಹೇಳಿ ಹೋಗೂಣು ಅಂತ ಬಂದೆ."

ಇನ್ನೊಂದು ಹಿಡಿ ಶೇಂಗಾದ ಸಿಪ್ಪೆ ಒಡೆಯಿತು. ನಂತರ ಬಾಳಮ್ಮ ಎದ್ದಳು. ಗೋಡೆಗೆ ಒರಗಿಸಿದ್ದ ಸಲಿಕೆ ತಂದು ಯಾಸ್ಮಿನಳ ಮುಂದೆ ನಿಲ್ಲಿಸಿದಳು. "ಬಾ. ಜಾಲಿ ಗಿಡದ ಬುಡಕ. ಚಿಂದಿ ಇನ್ನಾ ಕೊಳತಿರೂದಿಲ್ಲ. ತಗದ ನೋಡು, ನಿಮ್ಮ ಅತ್ತಿಗೂ ಒಯ್ದ ತೋರಸು."

ಹಿತ್ತಿಲಲ್ಲಿ ಜಾಲಿಯ ಮರ ಕಾಣುತ್ತಿತ್ತು. ಅದರ ಬುಡದಲ್ಲಿ ಚಪ್ಪಟೆ ಕಲ್ಲು. ಅದರ ಸುತ್ತಲಿನ ಮಣ್ಣು ಕೆದಕಿದಂತೆಯೂ ಇತ್ತು, ಹಾಗೆಯೇ ಇದ್ದಂತೆಯೂ ಇತ್ತು. ಇಷ್ಟು ದಿನದ ಬಿಸಿಲಿಗೆ ಎರೆಮಣ್ಣು ಒಂದೇ ಬಣ್ಣಕ್ಕೆ ತಿರುಗಿತ್ತು. ಯಾಸ್ಮಿನಳ ಕೈ ಸಲಿಕೆಯ ಹಿಡಿಯ ಮೇಲೆ ಹೋಯಿತು. ಒಂದು ಗುದ್ದು ಸಾಕು, ತಿಳಿಯುತ್ತದೆ. ತಿಳಿದರೆ ಅತ್ತೆಯ ಬಾಯಿ ಮುಚ್ಚುತ್ತದೆ, ಇಲ್ಲವೇ ಈ ಮುದುಕಿಯ ಬಾಯಿ. ಎರಡರಲ್ಲಿ ಒಂದು. ಬಾಳಮ್ಮ ಅವಳ ಕೈಯನ್ನೇ ನೋಡುತ್ತಿದ್ದಳು, ಮೊನ್ನೆ ಮುಖವನ್ನು ನೋಡಿದ ಹಾಗೆ.

ಯಾಸ್ಮಿನ ಸಲಿಕೆಯನ್ನು ಗೋಡೆಗೆ ಒರಗಿಸಿದಳು. "ಹೊತ್ತಾತ್ರಿ. ಕೂಸಿಗೆ ನೀರ ಕಾಸಬೇಕು," ಎಂದು ಹೊರಟುಬಂದಳು.

ಲಸಿಕೆಯ ದಿನ ಅವಳು ಎದ್ದು ಹೊರಗೆ ಬರುವಷ್ಟರಲ್ಲಿ ಹಜರಾಬಿ ಆಗಲೇ ಕಟ್ಟೆಯ ಮೇಲಿದ್ದಳು. ಹೋದ ಸಲದಂತೆ ಬಿಟ್ಟೇಬಿಟ್ಟಳೆಂದು ಯಾಸ್ಮಿನ ಕಟ್ಟೆಯತ್ತ ಓಡಿದಳು. ಆದರೆ ಬೋಳುಕುತ್ತಿಗೆ ಮತ್ತು ಮರಿಗಳಿದ್ದ ಬುಟ್ಟಿ ಮುಚ್ಚಿಯೇ ಇತ್ತು, ಹಜರಾಬಿ ಅದರ ಮುಂದೆ ಕಾಲು ಚಾಚಿ ಕೂತಿದ್ದಳು.

"ಬಿಟ್ಟಿಲ್ಲ," ಎಂದಳು. "ಆ ಹುಡುಗಿ ಬರ್ತಾಳಂತಲ್ಲ."

ರೇವಪ್ಪನ ಕಟ್ಟೆಯ ಮುಂದೆ ಬುಟ್ಟಿಗಳು ಸಾಲಾದವು. ಭಾಗ್ಯಜ್ಯೋತಿ ಸೀಸೆ ಒಡೆದಳು. ಹಜರಾಬಿ ಒಂದೊಂದು ಮರಿಯನ್ನು ಅಂಗೈಯಲ್ಲಿ ಹಿಡಿದು ತಲೆ ಓರೆ ಮಾಡಿ ಕೊಟ್ಟಳು. ಅವಳು ಹಿಡಿದ ಮರಿ ಒಂದೂ ಕೊಸರಲಿಲ್ಲ. ಬಾಳಮ್ಮ ತನ್ನ ಬಾಗಿಲಲ್ಲಿ ನಿಂತು ದೂರದಿಂದ ನೋಡಿದಳು, ನಂತರ ಒಳಗೆ ಹೋದಳು.

ಬಾಣಂತನದ ನಲವತ್ತು ದಿನ ಮುಗಿಸಿಕೊಂಡು ಹುಮಾ ಗಂಡನ ಮನೆಗೆ ಹೋದಳು. ಮರಿಗಳು ಅಂಗಳಕ್ಕೆ ಇಳಿದು, ಪುಚ್ಚ ಬದಲಿಸಿ, ಹ್ಯಾಟೆ ಯಾವುದು ಹುಂಜ ಯಾವುದು ಎಂದು ಗೊತ್ತಾಗುವಷ್ಟು ಬೆಳೆದವು. ಸೂಜಿಯೂ ಆಯಿತು. ಮಳೆ ಶುರುವಾದ ಒಂದು ಮಧ್ಯಾಹ್ನ ಹಜರಾಬಿ ಜೈನುದ್ದೀನನ ಚಿಂದಿಗಂಟು ಬಿಚ್ಚಿ, ಪಟ್ಟಿ ಹರಿದು ಹರಿದು ಸೊಸೆಯ ಮುಂದಿಟ್ಟಳು.

"ಕಟ್ಟು. ರೇವಪ್ಪನ ಮನಿಗೊಂದು, ಅಯೂಬನ ತಾಯಿಗೊಂದು, ಆಚಿ ಓಣಿಗೆ ಎರಡು." ಬೇರೆಡೆ ನೋಡುತ್ತ, "ಬಾಳವ್ವಗ ಬ್ಯಾಡ," ಎಂದಳು. ಆ ಮಾತಿನಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು. ಎಲೆಯ ತಾಟು ಅವಳ ಪಕ್ಕದಲ್ಲಿ ಮುಟ್ಟದೆ ಬಿದ್ದಿತ್ತು.

"ಹೂಂರಿ," ಎಂದಳು ಯಾಸ್ಮಿನ.

ಗೂಡಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಹ್ಯಾಟೆಯನ್ನು ತೊಡೆಯ ನಡುವೆ ಒತ್ತಿ ಹಿಡಿದು ಪಟ್ಟಿ ಕಟ್ಟಿದಳು. ಬಿಗಿಯಾದರೆ ಕಾಲು ಬಾತುಕೊಳ್ಳುತ್ತದೆ, ಸಡಿಲಾದರೆ ಉದುರುತ್ತದೆ. ಕೊನೆಗೆ ಕೈಗೆ ಬಂದದ್ದು ಬೋಳುಕುತ್ತಿಗೆಯ ಹಾಗೆಯೇ ಇದ್ದ ಹ್ಯಾಟೆ, ಎಲ್ಲದರಲ್ಲೂ ಗಟ್ಟಿಮುಟ್ಟಾದದ್ದು, ಮನೆಗೆಂದು ಇಟ್ಟುಕೊಂಡದ್ದು. ಅದು ಅವಳ ಮಣಿಕಟ್ಟನ್ನು ಒಮ್ಮೆ ಕುಕ್ಕಿ ಸುಮ್ಮನಾಯಿತು. ಹಳದಿಯ ಪಟ್ಟಿಯೊಂದು ಉಳಿದಿತ್ತು. ಅವಳು ಅದನ್ನು ಕಾಲಿಗೆ ಸುತ್ತಿ, ಗಂಟು ಹಾಕುವ ಮೊದಲು ನಿಂತಳು.

ನಾಳೆ ಬೆಳಿಗ್ಗೆ ನಳಕ್ಕೆ ಹೋಗುವಾಗ ಈ ಹ್ಯಾಟೆ ಅವಳ ಸೆರಗಿನ ಅಡಿಯಲ್ಲಿರುತ್ತದೆ. ಬಾಳಮ್ಮನ ಅಂಗಳದಲ್ಲಿ ಇಳಿಸಿ ಕೊಡ ಎತ್ತಿಕೊಂಡು ಮುಂದೆ ಹೋಗಬೇಕು. ಪಾಲಿನ ಮಾತು ಆಡಬಾರದು. ಮರಿಯಾದರೆ ಆಕೆ ಕೊಟ್ಟಷ್ಟು. ಸತ್ತರೆ, ಸತ್ತಿತು ಎಂದು ಆಕೆ ಹೇಳಿದರೆ ಸಾಕು. ಅತ್ತೆ ಕೇಳಿದರೆ ಮುಂಗುಸಿ ಒಯ್ದಿತು ಎನ್ನಬಹುದು. ಮುಂಗುಸಿ ಯಾರಿಗೂ ಕಾಲು ತಂದು ತೋರಿಸುವುದಿಲ್ಲ.

ಅವಳು ಪಟ್ಟಿಯನ್ನು ಬಿಚ್ಚಿದಳು.

"ಮುಗೀತೇನು?" ಎಂದಳು ಹಜರಾಬಿ ಕಟ್ಟೆಯಿಂದ.

"ಮುಗೀತ್ರಿ," ಎಂದು ಯಾಸ್ಮಿನ ಒಳಗೆ ಹೋಗಿ, ಅನ್ನ ಕುದಿಯುತ್ತಿದ್ದ ಒಲೆಯ ಬಾಯಿಗೆ ಆ ಹಳದಿ ಚಿಂದಿಯನ್ನು ತುರುಕಿ, ಅದು ಹೊತ್ತಿಕೊಳ್ಳುವವರೆಗೆ ಊದುಗೊಳವೆಯಿಂದ ಊದಿದಳು.